ದಾಖಲೆ ಮನೆ ಬದಲಿಸುವಾಗ

ಮನೆ ಬದಲಿಸಿದ ಸಂಸಾರಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನೆಲ್ಲ ಗಾಡಿಯೇರಿ ಬಂದಿರುತ್ತದೆ. ಆದರೂ ಬೇಕಾದ ದಿನ ಬೇಕಾದ ವಸ್ತು ಕೈಗೆ ಸಿಗುವುದಿಲ್ಲ. ಹಳೆಯ ಮನೆಯ ಗೋಡೆಯಲ್ಲಿ ಗೂಡಿತ್ತು, ಹೊಸ ಮನೆಯಲ್ಲಿ ಗೂಡಿಲ್ಲ. ಗೂಡಿನಲ್ಲಿದ್ದುದನ್ನು ಎಲ್ಲಿಟ್ಟರೆಂದು ಯಾರೂ ಬರೆದಿಟ್ಟಿರುವುದಿಲ್ಲ. ನಮ್ಮ ಹೊಲದ ಉತಾರೆ, ಬ್ಯಾಂಕಿನ ಖಾತೆ, ಮಕ್ಕಳ ಶಾಲಾ ದಾಖಲೆ ಇವೆಲ್ಲವೂ ಕಳೆದ ಎರಡು ದಶಕಗಳಲ್ಲಿ ಹೀಗೆಯೇ ಮನೆ ಬದಲಿಸಿವೆ. ಕಾಗದದಿಂದ ಗಣಕಯಂತ್ರಕ್ಕೆ, ಒಂದು ತಂತ್ರಾಂಶದಿಂದ ಇನ್ನೊಂದು ತಂತ್ರಾಂಶಕ್ಕೆ ಅವು ಸಾಗುತ್ತಲೇ ಇವೆ. ಈ ಸಾಗಾಟ ಹೇಗೆ ನಡೆಯುತ್ತದೆ, ಅದರಲ್ಲಿ ಏನು ಕಳೆದುಹೋಗಬಹುದು, ಕನ್ನಡ ಶಾಲೆಯ ಪಾಲಕರು ಅದನ್ನು ಏಕೆ ಗಮನಿಸಬೇಕು ಎಂಬುದು ಈ ವಾರದ ವಿಷಯ.

ಮೊದಲು ಎರಡು ಶಬ್ದಗಳ ಪರಿಚಯವಾಗಲಿ. ಗಣಕಯಂತ್ರದಲ್ಲಿ ದಾಖಲೆಗಳನ್ನು ಕೂಡಿಟ್ಟ ಭಂಡಾರಕ್ಕೆ ಡೇಟಾಬೇಸ್ ಎನ್ನುತ್ತಾರೆ. ಆ ಭಂಡಾರದ ಕೋಷ್ಟಕಗಳಲ್ಲಿ ಯಾವ ಯಾವ ಕಾಲಂಗಳಿರಬೇಕು, ಯಾವುದರಲ್ಲಿ ಅಕ್ಷರ, ಯಾವುದರಲ್ಲಿ ಅಂಕಿ, ಯಾವುದರಲ್ಲಿ ದಿನಾಂಕ ಬರಬೇಕು, ಯಾವುದನ್ನು ಖಾಲಿ ಬಿಡಕೂಡದು, ಯಾವ ಸಂಖ್ಯೆ ಎರಡು ಸಲ ಬರಕೂಡದು ಎಂದು ಗೊತ್ತುಪಡಿಸುವ ವಿನ್ಯಾಸಕ್ಕೆ ಸ್ಕೀಮಾ ಎಂದು ಹೆಸರು. ಶಾಲೆಯ ಜನರಲ್ ರಜಿಸ್ಟರನ್ನು ನೆನಪಿಗೆ ತಂದುಕೊಂಡರೆ ಸಾಕು. ಅದರ ಮೇಲ್ಭಾಗದಲ್ಲಿ ಅಚ್ಚಾದ ಶೀರ್ಷಿಕೆಗಳೇ ಸ್ಕೀಮಾ. ಕೆಳಗೆ ಮುಖ್ಯಾಧ್ಯಾಪಕರು ಮಸಿಯಿಂದ ಬರೆದ ಸಾಲುಗಳೇ ದತ್ತಾಂಶ. ಹೊಸ ತಂತ್ರಾಂಶ ಬಂದಾಗ ಶೀರ್ಷಿಕೆಗಳು ಬದಲಾಗುತ್ತವೆ. ಅವುಗಳನ್ನು ಬದಲಿಸುವುದು ಕೆಲವೇ ದಿನಗಳ ಕೆಲಸ. ಕೆಳಗಿನ ಸಾವಿರಾರು ಸಾಲುಗಳನ್ನು ಅರ್ಥ ಕೆಡದಂತೆ ಹೊಸ ಶೀರ್ಷಿಕೆಗಳಡಿಯಲ್ಲಿ ಕೂಡಿಸುವುದೇ ಕಷ್ಟ.

ಈ ಕಷ್ಟ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. 1948ರಲ್ಲಿ ಸಾಂಗಲಿ, ಮಿರಜ, ಜತ್ತ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಏರ್ಪಟ್ಟಿತು. 1960ರಲ್ಲಿ ಅದೇ ಜಿಲ್ಲೆಗೆ ಸಾಂಗಲಿ ಎಂಬ ಹೆಸರಾಯಿತು. ಈ ಅವಧಿಯಲ್ಲಿ ಮೋಡಿ ಲಿಪಿಯ ಬಳಕೆ ನಿಂತು, ಹಳೆಯ ದಫ್ತರದ ಬರಹವನ್ನು ಬಾಲಬೋಧ ಲಿಪಿಗೆ ಇಳಿಸಿಕೊಳ್ಳಬೇಕಾಯಿತು. ಮೋಡಿಯಲ್ಲಿ ಇಕಾರ ಉಕಾರಗಳ ಹ್ರಸ್ವದೀರ್ಘ ಭೇದವಿಲ್ಲ. ಆದುದರಿಂದ ಹೆಸರುಗಳನ್ನು ನಕಲು ಮಾಡಿದವರು ಕಣ್ಣಿಗೆ ಕಂಡದ್ದನ್ನಷ್ಟೇ ಅಲ್ಲ, ಕಾಣದ್ದನ್ನೂ ಊಹಿಸಿ ಬರೆಯಬೇಕಾಯಿತು. ಊಹೆಯಿಂದ ಬರೆದದ್ದು ಕೆಲವು ವರ್ಷಗಳ ನಂತರ ದಾಖಲೆಯಾಗಿಯೇ ನಿಲ್ಲುತ್ತದೆ.

1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬಂದಾಗ ದೇಶದ ಎಲ್ಲ ಲೆಕ್ಕಪುಸ್ತಕಗಳೂ ಮನೆ ಬದಲಿಸಿದವು. ಹದಿನಾರು ಆಣೆಯ ರೂಪಾಯಿ ನೂರು ನಯೇ ಪೈಸೆಯ ರೂಪಾಯಿ ಆಯಿತು. ಒಂದು ಆಣೆಗೆ 6.25 ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಅದನ್ನು 6 ಎಂದು ಹಿಡಿಯಬೇಕು. ಈಗ ಒಂದೊಂದು ಆಣೆಯ ನಾಲ್ಕು ಬಾಬುಗಳನ್ನು ಬೇರೆ ಬೇರೆಯಾಗಿ ಪರಿವರ್ತಿಸಿ ಕೂಡಿಸಿದರೆ 24 ಪೈಸೆ. ಮೊದಲು ಕೂಡಿಸಿ ನಾಲ್ಕಾಣೆಯನ್ನು ಪರಿವರ್ತಿಸಿದರೆ 25 ಪೈಸೆ. ಎರಡೂ ಲೆಕ್ಕಗಳಲ್ಲಿ ತಪ್ಪಿಲ್ಲ, ಆದರೂ ಒಂದು ಪೈಸೆ ಎಲ್ಲಿಯೋ ಹೋಯಿತು. ನಿಯಮವನ್ನು ಯಾವ ಕ್ರಮದಲ್ಲಿ ಅನ್ವಯಿಸಿದರೆಂದು ಬರೆದಿಟ್ಟಿದ್ದರೆ ಮಾತ್ರ ಆ ಪೈಸೆಯ ಲೆಕ್ಕ ಸಿಕ್ಕೀತು.

ಭೂಮಿಯ ವಿಷಯದಲ್ಲಿ ಪೈಸೆಯ ಜಾಗದಲ್ಲಿ ನೆಲವೇ ಇರುತ್ತದೆ. ಎಕರೆ ಗುಂಟೆಗಳಲ್ಲಿದ್ದ ಕ್ಷೇತ್ರ ಹೆಕ್ಟರ್ ಆರ್‌ಗಳಿಗೆ ಬದಲಾಯಿತು. ಒಂದು ಗುಂಟೆ ಸುಮಾರು 101.17 ಚದರ ಮೀಟರ್. ಒಂದು ಆರ್ 100 ಚದರ ಮೀಟರ್. ಗುಂಟೆಗೆ ಒಂದು ಆರ್ ಎಂದು ಸುಲಭದ ಲೆಕ್ಕ ಹಿಡಿದರೆ 40 ಗುಂಟೆಯ ಎಕರೆಯೊಂದರಲ್ಲಿ ಸುಮಾರು 47 ಚದರ ಮೀಟರ್ ಕಾಗದದಿಂದ ಮಾಯವಾಗುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ದಿನ ಆ 47 ಮೀಟರ್ ಯಾರ ಪಾಲಿನದು ಎಂಬ ಪ್ರಶ್ನೆ ಏಳುತ್ತದೆ. ಬಾಂದಿನ ಕಲ್ಲು ಇದ್ದಲ್ಲೇ ಇರುತ್ತದೆ. ವ್ಯಾಜ್ಯ ಮಾತ್ರ ನ್ಯಾಯಾಲಯಕ್ಕೆ ಬರುತ್ತದೆ.

ಗಣಕೀಕರಣದ ಕಾಲದಲ್ಲಿ ಭೂದಾಖಲೆಗಳ ಸಾಗಾಟ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಗಡಿಯ ಎರಡೂ ಬದಿಯಲ್ಲಿ ಉದಾಹರಣೆಗಳಿವೆ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತುಂಬಲಾಯಿತು. ನಮ್ಮಲ್ಲಿ ಅನೇಕರಿಗೆ ಅಥಣಿ, ಕಾಗವಾಡದ ಕಡೆ ಹೊಲಗಳಿರುವುದರಿಂದ ಅದರ ಪರಿಚಯವಿದೆ. ಮಹಾರಾಷ್ಟ್ರದಲ್ಲಿ ಕೈಬರಹದ ಸಾತಬಾರಾ ಇ-ಫೇರಫಾರ ಪದ್ಧತಿಗೆ ಬಂದಿತು. 2018ರ ಮೇ 1ರಿಂದ ಡಿಜಿಟಲ್ ಸಹಿಯ ಸಾತಬಾರಾ ದೊರೆಯತೊಡಗಿತು. 2020ರಲ್ಲಿ ಉತಾರೆಯ ನಮೂನೆಯೇ ಬದಲಾಗಿ ಊರಿನ ಸಂಕೇತಸಂಖ್ಯೆಯಂಥ ಹೊಸ ಬಾಬುಗಳು ಸೇರಿದವು. ಸ್ಕೀಮಾ ಬದಲಾವಣೆ ಎಂದರೆ ಇದೇ.

ಈ ಸಾಗಾಟದ ನಡುವೆ ನಡೆದ ಒಂದು ಕಾರ್ಯವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. 2017ರಲ್ಲಿ ರಾಜ್ಯದ ಹಳ್ಳಿಗಳಲ್ಲಿ ಚಾವಡಿ ವಾಚನ ನಡೆಯಿತು. ಗಣಕದಲ್ಲಿ ತುಂಬಿದ ಸಾತಬಾರಾಗಳನ್ನು ತಲಾಠಿಯವರು ಊರವರ ಮುಂದೆ ಓದಿ ಹೇಳುವುದು, ಕೈಬರಹದ ಉತಾರೆಗೂ ಗಣಕದ ಉತಾರೆಗೂ ವ್ಯತ್ಯಾಸ ಕಂಡವರು ಅಲ್ಲಿಯೇ ಆಕ್ಷೇಪವನ್ನು ಬರೆಸುವುದು, ಆ ನಂತರ ತಿದ್ದುವುದು ಎಂಬ ಏರ್ಪಾಡು ಅದು. ಗಣಕವಿಜ್ಞಾನದ ಪಠ್ಯಪುಸ್ತಕ ಇದನ್ನು ದತ್ತಾಂಶದ ಪರಿಶೀಲನೆ ಎಂದು ಕರೆಯುತ್ತದೆ. ನಮ್ಮ ಹಿರಿಯರು ಅದನ್ನು ಚಾವಡಿಯಲ್ಲಿ ಮಾಡುತ್ತಿದ್ದರು. ತನ್ನ ಹೊಲದ ನಾಲ್ಕು ದಿಕ್ಕು ಬಲ್ಲವನಿಗಿಂತ ದೊಡ್ಡ ಪರೀಕ್ಷಕ ಇನ್ನೊಬ್ಬನಿಲ್ಲ. ಯಂತ್ರ ಅಂಕಿಯನ್ನು ಅಂಕಿಯೊಂದಿಗೆ ತಾಳೆ ನೋಡಬಲ್ಲದು; ಅಂಕಿಯನ್ನು ನೆಲದೊಂದಿಗೆ ತಾಳೆ ನೋಡಲಾರದು.

ಬ್ಯಾಂಕುಗಳ ಉದಾಹರಣೆ ಇನ್ನೊಂದು ಪಾಠವನ್ನು ಕಲಿಸುತ್ತದೆ. 1916ರಲ್ಲಿ ಸ್ಥಾಪನೆಯಾದ ಸಾಂಗಲಿ ಬ್ಯಾಂಕು 2007ರ ಏಪ್ರಿಲ್‌ನಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ವಿಲೀನವಾದಾಗ ಠೇವಣಿದಾರನ ಹಕ್ಕು ಕಾನೂನಿನ ಬಲದಿಂದ ಹೊಸ ಬ್ಯಾಂಕಿಗೆ ಸಾಗುತ್ತದೆ; ಆದರೆ ಖಾತೆಯ ದಾಖಲೆಯನ್ನು ಯಾರಾದರೂ ಸಾಗಿಸಲೇಬೇಕು. ಸಿಂಡಿಕೇಟ್ ಶಾಖೆಗಳಿಗೂ ಕೆನರಾ ಶಾಖೆಗಳಿಗೂ ತಮ್ಮ ತಮ್ಮ ಶಾಖಾಸಂಖ್ಯೆಗಳಿದ್ದವು. ಎರಡೂ ಕಡೆ ಒಂದೇ ಸಂಖ್ಯೆಯ ಶಾಖೆಗಳಿದ್ದರೆ ಹೊಸ ಭಂಡಾರದಲ್ಲಿ ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತದೆ. ಆದುದರಿಂದ ಹಳೆಯ ಸಿಂಡಿಕೇಟ್ ಶಾಖಾಸಂಖ್ಯೆಗೆ 10000 ಸೇರಿಸಿ ಹೊಸ ಐಎಫ್‌ಎಸ್‌ಸಿ ಸಂಕೇತವನ್ನು ಕೊಟ್ಟರು. ನಿಯಮ ಸರಳವಾಗಿತ್ತು, ಎಲ್ಲರಿಗೂ ತಿಳಿಸಲಾಗಿತ್ತು, ಹಳೆಯ ಸಂಕೇತಕ್ಕೂ ಒಂದಷ್ಟು ಕಾಲ ಬಳಕೆಯ ಅವಕಾಶವಿತ್ತು. 2021ರ ಜುಲೈ 1ರಿಂದ ಹಳೆಯದು ನಿಂತಿತು. ಹಳೆಯದೂ ಹೊಸದೂ ಕೆಲಕಾಲ ಜೊತೆಯಾಗಿ ನಡೆದು, ಆಮೇಲೆ ಹಳೆಯದು ನಿಲ್ಲಬೇಕು ಎಂಬುದು ಸಾಗಾಟದ ಮುಖ್ಯ ತತ್ತ್ವ. ಆದರೆ ಆ ಅವಧಿಯಲ್ಲಿ ತನ್ನ ಪಾಲಿನ ಬದಲಾವಣೆಯನ್ನು ಮಾಡಿಕೊಳ್ಳದವನ ವಿದ್ಯಾರ್ಥಿವೇತನದ ಹಣ ಹಳೆಯ ವಿಳಾಸವನ್ನು ಹುಡುಕಿಕೊಂಡು ಹೋಗಿ ಹಿಂದಿರುಗುತ್ತದೆ.

ಇನ್ನು ನಮ್ಮ ಶಾಲೆಗಳ ಮಾತಿಗೆ ಬರೋಣ. ಮಹಾರಾಷ್ಟ್ರದಲ್ಲಿ 2015ರಿಂದ ಸರಲ್ ಎಂಬ ಪದ್ಧತಿಯಲ್ಲಿ ವಿದ್ಯಾರ್ಥಿಗಳ ಮಾಹಿತಿಯನ್ನು ತುಂಬುತ್ತ ಬಂದಿದ್ದಾರೆ. ಕೇಂದ್ರ ಸರಕಾರದ ಯು-ಡೈಸ್ ಮೊದಲು ಶಾಲೆಯ ಒಟ್ಟು ಎಣಿಕೆಯನ್ನಷ್ಟೇ ಕೇಳುತ್ತಿತ್ತು: ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಕೋಣೆಗಳೆಷ್ಟು. 2022-23ರಿಂದ ಯು-ಡೈಸ್ ಪ್ಲಸ್‌ನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಪ್ರತ್ಯೇಕ ದಾಖಲೆ ಬಂದಿತು. ಇದು ಬಹಳ ದೊಡ್ಡ ಸ್ಕೀಮಾ ಬದಲಾವಣೆ. ಒಟ್ಟು ಎಣಿಕೆಯಲ್ಲಿ ಒಂದು ಮಗುವಿನ ಹೆಸರಿನ ಕಾಗುಣಿತಕ್ಕೆ ಬೆಲೆಯಿರಲಿಲ್ಲ. ಈಗ ಹೆಸರು, ಹುಟ್ಟಿದ ದಿನಾಂಕ, ಆಧಾರ್, ಮಾತೃಭಾಷೆ, ಕಲಿಕೆಯ ಮಾಧ್ಯಮ ಎಲ್ಲವೂ ಒಂದು ಸಾಲಿನಲ್ಲಿ ಬಂದು ಒಂದಕ್ಕೊಂದು ತಾಳೆಯಾಗಬೇಕು. ಮಗುವಿಗೆ ಶಾಶ್ವತ ಶಿಕ್ಷಣ ಸಂಖ್ಯೆ ಸಿಗುತ್ತದೆ. ಪಾಲಕರ ಒಪ್ಪಿಗೆಯಿದ್ದರೆ ಹನ್ನೆರಡು ಅಂಕಿಗಳ ಅಪಾರ್ ಗುರುತುಸಂಖ್ಯೆಯೂ ಸಿಗುತ್ತದೆ. ಅಲ್ಲಿ ಸೇರಿದ ತಪ್ಪು ಮಗುವಿನೊಡನೆ ಕಾಲೇಜಿನವರೆಗೂ ಹೋಗುತ್ತದೆ.

ಕನ್ನಡ ಮನೆಗಳ ಮಕ್ಕಳಿಗೆ ಹೆಸರಿನ ತೊಡಕು ಒಂದು ಪಟ್ಟು ಹೆಚ್ಚು. ನಮ್ಮ ಹೆಸರುಗಳು ಮೂರು ಲಿಪಿಗಳ ನಡುವೆ ಓಡಾಡುತ್ತವೆ. ಕನ್ನಡದಲ್ಲಿ ಎಕಾರ ಏಕಾರಗಳು ಬೇರೆ, ಒಕಾರ ಓಕಾರಗಳು ಬೇರೆ. ಮರಾಠಿಯ ಬರಹದಲ್ಲಿ ಆ ಭೇದಕ್ಕೆ ಬೇರೆ ಅಕ್ಷರವಿಲ್ಲ. ಇಂಗ್ಲಿಷಿಗೆ ಹೋದರೆ ಲಕಾರ ಳಕಾರ, ನಕಾರ ಣಕಾರ, ದಕಾರ ಡಕಾರ ಎಲ್ಲವೂ ಒಂದೇ ಆಗುತ್ತವೆ. ಬಾಳಪ್ಪ ಎಂಬ ಹೆಸರು ಇಂಗ್ಲಿಷಿಗೆ ಹೋಗಿ ಯಂತ್ರದ ಮೂಲಕ ಹಿಂದಿರುಗಿದರೆ ಬಾಲಪ್ಪ ಆಗಬಹುದು, ಕಾಡಪ್ಪ ಕದಪ್ಪನಾಗಬಹುದು. ಹೋಗುವ ದಾರಿಯಲ್ಲಿ ಅಳಿದ ಭೇದ ಬರುವ ದಾರಿಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಅದಕ್ಕಾಗಿಯೇ ಮೂಲ ಬರಹವನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಕೆಲವು ಶಾಲೆಗಳಲ್ಲಿ ಇನ್ನೊಂದು ಅಡಚಣೆಯಿರುತ್ತದೆ. ಹಿಂದೆ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳು ಯುನಿಕೋಡ್‌ನಲ್ಲಿ ಇರುವುದಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅವುಗಳನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬಹುದು. ಆದರೆ ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನಪಲ್ಲಟವಾಗದೆ ಬಂದಿವೆಯೇ ಎಂದು ಒಬ್ಬರು ಕುಳಿತು ಓದಲೇಬೇಕು.

ಹೆಸರಿನ ರಚನೆಯೂ ಬದಲಾಗುತ್ತಿದೆ. 2024ರ ಮೇ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮದಲ್ಲಿ ಬರೆಯಬೇಕೆಂದು ಮಹಾರಾಷ್ಟ್ರ ಸರಕಾರ ನಿರ್ಣಯಿಸಿದೆ. ತಾಯಿಯ ಹೆಸರಿಗೆ ಸ್ಥಾನ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಒಂದೇ ಮನೆಯ ಅಕ್ಕನ ಹೆಸರಿಗೆ ಮೂರು ಭಾಗ, ತಮ್ಮನ ಹೆಸರಿಗೆ ನಾಲ್ಕು ಭಾಗ ಇರುವ ಕಾಲ ಇದು. ಎರಡನೆಯ ಪದ ತಂದೆಯ ಹೆಸರು ಎಂದು ನಂಬಿಕೊಂಡ ಹಳೆಯ ತಂತ್ರಾಂಶಕ್ಕೆ ತಮ್ಮನ ದಾಖಲೆಯನ್ನು ಕೊಟ್ಟರೆ ಅದು ತಾಯಿಯನ್ನು ತಂದೆಯ ಕಾಲಂನಲ್ಲಿ ಕೂಡಿಸುತ್ತದೆ. ಈ ಮಕ್ಕಳು 2030ರ ಸುಮಾರಿಗೆ ಒಂದನೆಯ ಇಯತ್ತೆಗೆ ಬರುತ್ತಾರೆ. ಆ ಹೊತ್ತಿಗೆ ನಮ್ಮ ಶಾಲೆಗಳ ರಜಿಸ್ಟರೂ ತಂತ್ರಾಂಶವೂ ಎರಡೂ ಬಗೆಯ ಹೆಸರುಗಳಿಗೆ ಸಿದ್ಧವಾಗಿರಬೇಕು.

ಖಾಲಿ ಕಾಲಂಗಳ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಹಳೆಯ ರಜಿಸ್ಟರಿನಲ್ಲಿ ಬರೆಯದೆ ಬಿಟ್ಟ ಮಾಹಿತಿಯನ್ನು ಹೊಸ ಸ್ಕೀಮಾ ಕಡ್ಡಾಯವಾಗಿ ಕೇಳಿದರೆ ಏನು ಮಾಡಬೇಕು? ಅನೇಕ ವೇಳೆ ಯಂತ್ರ ತಾನೇ ಒಂದು ಬೆಲೆಯನ್ನು ತುಂಬಿಬಿಡುತ್ತದೆ. ಇದನ್ನು ಪೂರ್ವನಿಗದಿತ ಬೆಲೆ ಎನ್ನಬಹುದು. ನಮಗೆ ಇದು ಹೊಸದಲ್ಲ. ಹಳ್ಳಿಗಳಲ್ಲಿ ಜನ್ಮದಾಖಲೆಯಿಲ್ಲದ ಮಗುವನ್ನು ಶಾಲೆಗೆ ಸೇರಿಸುವಾಗ ಗುರುಗಳು ಜೂನ್ 1 ಎಂದು ಬರೆದುಕೊಂಡ ಕಾಲವಿತ್ತು. ಹೀಗಾಗಿ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ಹುಟ್ಟುಹಬ್ಬ ಒಂದೇ ದಿನ ಬರುತ್ತದೆ. ಗೊತ್ತಿಲ್ಲ ಎಂಬುದು ಒಂದು ಮಾಹಿತಿ; ಜೂನ್ 1 ಎಂಬುದು ಇನ್ನೊಂದು ಮಾಹಿತಿ. ಮೊದಲನೆಯದರ ಜಾಗದಲ್ಲಿ ಎರಡನೆಯದನ್ನು ಬರೆದರೆ, ಅದು ಊಹೆಯೆಂಬ ನೆನಪು ಉಳಿಯುವುದಿಲ್ಲ.

ಇದೇ ಪೂರ್ವನಿಗದಿತ ಬೆಲೆ ಮಾತೃಭಾಷೆಯ ಕಾಲಂನಲ್ಲಿಯೋ ಮಾಧ್ಯಮದ ಕಾಲಂನಲ್ಲಿಯೋ ಬಂದು ಕುಳಿತರೆ ನಮ್ಮ ಪಾಲಿಗೆ ಅದು ಕಾಗುಣಿತದ ತಪ್ಪಾಗಿ ಉಳಿಯುವುದಿಲ್ಲ. ಬಹುಸಂಖ್ಯಾತರ ಭಾಷೆಯನ್ನೇ ಪೂರ್ವನಿಗದಿತವಾಗಿ ಇಟ್ಟುಕೊಂಡ ತಂತ್ರಾಂಶದಲ್ಲಿ, ಯಾರೂ ಬದಲಿಸದೆ ಬಿಟ್ಟ ಪ್ರತಿಯೊಂದು ಸಾಲಿನಲ್ಲಿ ಒಂದು ಕನ್ನಡ ಮಗು ಎಣಿಕೆಯಿಂದ ಹೊರಗುಳಿಯುತ್ತದೆ. ಸಂವಿಧಾನದ 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಬೇಕೆನ್ನುತ್ತದೆ. ಆ ಸೌಕರ್ಯ ಎಷ್ಟು ಬೇಕೆಂಬುದನ್ನು ಸರಕಾರ ಅಂಕಿಗಳಿಂದ ಅಳೆಯುತ್ತದೆ. ಅಂಕಿಗಳು ಈ ಕಾಲಂನಿಂದ ಬರುತ್ತವೆ.

ಶಿಕ್ಷಕರ ಹುದ್ದೆಯ ಲೆಕ್ಕವನ್ನು ನೋಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಂತೆ ಒಂದರಿಂದ ಐದನೆಯ ಇಯತ್ತೆಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು. ಮಹಾರಾಷ್ಟ್ರದಲ್ಲಿ ಹುದ್ದೆಗಳನ್ನು ಗೊತ್ತುಪಡಿಸುವ ಸಂಚಮಾನ್ಯತೆಯನ್ನು ಗಣಕದಲ್ಲಿ ದಾಖಲಾಗಿ ಆಧಾರ್‌ನೊಂದಿಗೆ ತಾಳೆಯಾದ ವಿದ್ಯಾರ್ಥಿಗಳ ಸಂಖ್ಯೆಯನ್ನು ಹಿಡಿದು ಮಾಡುವ ಪದ್ಧತಿ ಬಂದಿದೆ. ಶಾಲೆಯಲ್ಲಿ ಬೆಂಚಿನ ಮೇಲೆ 61 ಮಕ್ಕಳು ಕುಳಿತಿದ್ದು, ಅವರಲ್ಲಿ ಒಬ್ಬಳ ಹೆಸರು ಶಾಲಾ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದು ತಾಳೆಯಾಗಲಿಲ್ಲ ಎಂದುಕೊಳ್ಳೋಣ. ಗಣಕದ ಲೆಕ್ಕದಲ್ಲಿ ಆ ಶಾಲೆಗೆ 60 ಮಕ್ಕಳು. ಒಂದು ಳಕಾರದ ವ್ಯತ್ಯಾಸಕ್ಕೆ ಮೂರನೆಯ ಕನ್ನಡ ಶಿಕ್ಷಕರ ಹುದ್ದೆ ಅಲುಗಾಡುತ್ತದೆ. ದಾಖಲೆಯ ತಪ್ಪು ಆ ಒಂದು ಮನೆಯ ಚಿಂತೆ ಮಾತ್ರವೆಂದು ಉಳಿದ 60 ಮನೆಗಳು ಸುಮ್ಮನಿರುವಂತಿಲ್ಲ.

ಮುಂದಿನ ಓದಿಗೂ ಇದೇ ಕಾಲಂ ಬೇಕು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿ ವಾಸಿಸಿ ಅಲ್ಲಿಯೇ ಓದಿದ, ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಅರ್ಹತಾ ಕಲಮು ಇದೆ. ವಾಸ, ಶಾಲೆ, ಮಾತೃಭಾಷೆ ಮೂರನ್ನೂ ಅಲ್ಲಿ ದಾಖಲೆಯಿಂದಲೇ ತೋರಿಸಬೇಕು. ಮನೆಯಲ್ಲಿ ಮಗು ಕನ್ನಡ ಮಾತಾಡುತ್ತದೆ ಎಂಬ ಮಾತಿಗೆ ಪ್ರವೇಶದ ಕಟ್ಟೆಯಲ್ಲಿ ಬೆಲೆಯಿಲ್ಲ.

ಹಾಗಾದರೆ ಒಳ್ಳೆಯ ಸಾಗಾಟ ಹೇಗಿರುತ್ತದೆ? ಈ ವೃತ್ತಿಯ ಎಂಜಿನಿಯರರು ಪಾಲಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲು ಹಳೆಯ ಭಂಡಾರವನ್ನು ಪರೀಕ್ಷಿಸಿ, ಇಬ್ಬಾರಿ ಬಂದ ಸಾಲು, ಖಾಲಿ ಉಳಿದ ಕಾಲಂ, ಅಸಾಧ್ಯವಾದ ದಿನಾಂಕ ಎಷ್ಟಿವೆಯೆಂದು ಪಟ್ಟಿ ಮಾಡುತ್ತಾರೆ. ಹಳೆಯ ಯಾವ ಕಾಲಂ ಹೊಸ ಯಾವ ಕಾಲಂಗೆ, ಯಾವ ನಿಯಮದಂತೆ ಹೋಗಬೇಕೆಂದು ಹೊಂದಾಣಿಕೆಯ ಕೋಷ್ಟಕವನ್ನು ಬರೆಯುತ್ತಾರೆ. ಇಡೀ ಭಂಡಾರದ ಪ್ರತಿಯೊಂದನ್ನು ಬೇರೆಡೆ ಭದ್ರವಾಗಿಟ್ಟು, ಆ ಪ್ರತಿಯಿಂದ ಹಳೆಯ ಸ್ಥಿತಿಯನ್ನು ಮರಳಿ ಕಟ್ಟಲು ಬರುತ್ತದೆಯೇ ಎಂದು ನಿಜವಾಗಿ ಕಟ್ಟಿ ನೋಡುತ್ತಾರೆ. ಸಾಗಾಟವನ್ನು ಮೊದಲು ನಕಲಿನ ಮೇಲೆ ಅಭ್ಯಾಸ ಮಾಡುತ್ತಾರೆ. ಆಮೇಲೆ ಹಳೆಯ ಕಾಲಂಗಳನ್ನು ಮುಟ್ಟದೆ ಹೊಸ ಕಾಲಂಗಳನ್ನು ಸೇರಿಸಿ, ದತ್ತಾಂಶವನ್ನು ಕಂತುಕಂತಾಗಿ ತುಂಬುತ್ತಾರೆ. ಶಾಲೆಗಳ ಕೋಷ್ಟಕ ಮೊದಲು, ವಿದ್ಯಾರ್ಥಿಗಳದ್ದು ನಂತರ. ಶಾಲೆಯೇ ಇಲ್ಲದ ಭಂಡಾರದಲ್ಲಿ ವಿದ್ಯಾರ್ಥಿಯನ್ನು ಎಲ್ಲಿ ಕೂಡಿಸುವುದು? ಪ್ರತಿ ಕಂತೂ ಪೂರ್ತಿಯಾಗಬೇಕು, ಇಲ್ಲವೇ ಆರಂಭವೇ ಆಗಿಲ್ಲವೆಂಬಂತೆ ಹಿಂದಕ್ಕೆ ಬರಬೇಕು, ಅರ್ಧದಲ್ಲಿ ನಿಲ್ಲಕೂಡದು. ಕೊನೆಗೆ ಸಾಲುಗಳ ಎಣಿಕೆ, ಮೊತ್ತಗಳ ಎಣಿಕೆ, ಆಯ್ದ ಕೆಲವು ಸಾಲುಗಳ ಅಕ್ಷರಶಃ ಹೋಲಿಕೆ. ಎಲ್ಲವೂ ಸರಿಹೊಂದಿ, ಬಳಸುವವರು ಒಪ್ಪಿದ ಮೇಲಷ್ಟೇ ಹಳೆಯ ಕಾಲಂ ನಿವೃತ್ತವಾಗುತ್ತದೆ.

ವಕೀಲನಾದ ನನಗೆ ಈ ಕ್ರಮ ಹೊಸದೆನಿಸಲಿಲ್ಲ. ಕಾನೂನು ತನ್ನ ಸ್ಕೀಮಾವನ್ನು ಬದಲಿಸುವಾಗಲೂ ಹೀಗೆಯೇ ಎಚ್ಚರ ವಹಿಸುತ್ತದೆ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿತು. ಕಲಮುಗಳ ಸಂಖ್ಯೆಗಳೆಲ್ಲ ಬದಲಾದವು. 302 ಎಂದೊಡನೆ ಕೊಲೆ ಎಂದು ತಿಳಿಯುತ್ತಿದ್ದವರು 103 ಎಂದು ಕಲಿತುಕೊಳ್ಳಬೇಕಾಯಿತು. ಆದರೆ ಜೂನ್ 30ರವರೆಗಿನ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ ಎಂಬ ಉಳಿಕೆಯ ಕಲಮನ್ನು ಹೊಸ ಕಾಯ್ದೆಯ ಕೊನೆಯಲ್ಲಿಯೇ ಇಟ್ಟಿದ್ದಾರೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 6ನೆಯ ಕಲಮಿನ ತತ್ತ್ವವೂ ಇದೇ: ಕಾಯ್ದೆ ರದ್ದಾದರೂ ಅದರಡಿಯಲ್ಲಿ ಹುಟ್ಟಿದ ಹಕ್ಕು ರದ್ದಾಗುವುದಿಲ್ಲ. ಹಳೆಯ ಸಾಲಿಗೆ ಹಳೆಯ ಶೀರ್ಷಿಕೆಯ ಅರ್ಥವೇ ಇರುತ್ತದೆ.

ಸಾಕ್ಷ್ಯದ ವಿಷಯದಲ್ಲಿಯೂ ಪಾಲಕರು ಎರಡು ಸಂಗತಿಗಳನ್ನು ತಿಳಿದಿರಬೇಕು. ಮಹಾರಾಷ್ಟ್ರ ಭೂಕಂದಾಯ ಸಂಹಿತೆ 1966ರ 157ನೆಯ ಕಲಮಿನಂತೆ ಹಕ್ಕುದಾಖಲೆಯ ನೋಂದಣಿಯನ್ನು ಬೇರೆ ಪುರಾವೆ ಬರುವವರೆಗೆ ಸತ್ಯವೆಂದೇ ಭಾವಿಸಲಾಗುತ್ತದೆ. ಕೈತಪ್ಪಿನಿಂದಾದ ದೋಷವನ್ನು 155ನೆಯ ಕಲಮಿನಡಿ ತಿದ್ದಿಸಿಕೊಳ್ಳಬಹುದು. ಆದರೆ ತಪ್ಪೆಂದು ತೋರಿಸಲು ಹಳೆಯ ಉತಾರೆ ಕೈಯಲ್ಲಿರಬೇಕು. ಎರಡನೆಯದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಗಣಕದ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರದಲ್ಲಿ ಆ ಕಡತದ ಹ್ಯಾಶ್ ಸಂಖ್ಯೆಯನ್ನು ಬರೆಯಬೇಕು. ಹ್ಯಾಶ್ ಎಂಬುದು ಕಡತದ ಬೆರಳಗುರುತಿದ್ದಂತೆ. ಒಂದು ಅಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ದಾಖಲೆ ಬದಲಾಗಿಲ್ಲವೆಂಬುದಕ್ಕೆ ಕಾನೂನು ಎಷ್ಟು ಬೆಲೆ ಕೊಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಶಾಲಾ ದಾಖಲೆಯಲ್ಲಿ ಕಾಲದ ಮಿತಿ ಇನ್ನೂ ಬಿಗಿಯಾಗಿದೆ. ಮಗು ಶಾಲೆಯಲ್ಲಿರುವಾಗ ಹೆಸರು, ಜಾತಿ, ಜನ್ಮದಿನಾಂಕಗಳ ತಪ್ಪನ್ನು ಮುಖ್ಯಾಧ್ಯಾಪಕರ ಮೂಲಕ ಶಿಕ್ಷಣಾಧಿಕಾರಿಗಳ ಅನುಮತಿಯಿಂದ ತಿದ್ದಿಸುವುದು ಸಾಧ್ಯ. ಶಾಲೆ ಬಿಟ್ಟ ದಾಖಲೆಯನ್ನು ಪಡೆದು ಹೊರಬಿದ್ದ ಮೇಲೆ ಆ ದಾರಿ ಬಹಳ ಕಿರಿದಾಗುತ್ತದೆ. ಎಷ್ಟೋ ಪ್ರಕರಣಗಳು ಉಚ್ಚ ನ್ಯಾಯಾಲಯದವರೆಗೆ ಹೋಗಿವೆ. ಇಂದು ಒಂದು ಅರ್ಜಿಯಿಂದ ಆಗುವ ಕೆಲಸಕ್ಕೆ ಹತ್ತು ವರ್ಷಗಳ ನಂತರ ವಕೀಲರ ಮನೆ ಬಾಗಿಲಿಗೆ ಬರಬೇಕಾಗುತ್ತದೆ. ನನ್ನ ವೃತ್ತಿಗೆ ಅದು ಲಾಭವೇ ಇರಬಹುದು, ನಿಮಗೆ ಅಲ್ಲ.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟು. ಮಗುವಿನ ಜನ್ಮದಾಖಲೆ, ಆಧಾರ್, ಶಾಲೆಯ ಜನರಲ್ ರಜಿಸ್ಟರಿನ ನೋಂದಣಿ, ಯು-ಡೈಸ್ ಪ್ಲಸ್‌ನ ದಾಖಲೆ ಈ ನಾಲ್ಕನ್ನೂ ಒಂದರ ಪಕ್ಕದಲ್ಲೊಂದಿಟ್ಟು ಹೆಸರಿನ ಪ್ರತಿಯೊಂದು ಅಕ್ಷರವನ್ನು ನೋಡಿರಿ. ಮಾತೃಭಾಷೆ, ಮಾಧ್ಯಮ ಎಂಬ ಎರಡು ಕಾಲಂಗಳಲ್ಲಿ ಏನಿದೆಯೆಂದು ಗುರುಗಳನ್ನು ಕೇಳಿರಿ. ವಿದ್ಯಾರ್ಥಿವೇತನದ ಖಾತೆಯ ಐಎಫ್‌ಎಸ್‌ಸಿ ಸಂಕೇತ ಈಗಿನದೇ ಎಂದು ಖಚಿತಪಡಿಸಿಕೊಳ್ಳಿರಿ. ಗುರುಗಳ ಮೇಲೆ ಸಿಟ್ಟಾಗಬೇಡಿರಿ. ಪಾಠದ ನಡುವೆ ನೂರಾರು ಸಾಲುಗಳನ್ನು ತುಂಬುವವರು ಅವರೇ. ತಪ್ಪು ಕಂಡರೆ ಲಿಖಿತ ಅರ್ಜಿ ಕೊಟ್ಟು ಪ್ರತಿಯ ಮೇಲೆ ಪೋಚ ಪಡೆಯಿರಿ.

ಶಾಲೆಗಳಲ್ಲಿ ನನ್ನ ವಿನಂತಿ ಎರಡು. ಹಳೆಯ ಜನರಲ್ ರಜಿಸ್ಟರುಗಳು ಗಣಕಕ್ಕೆ ಬಂದವೆಂದು ಅವುಗಳನ್ನು ಅಲಕ್ಷಿಸಬೇಡಿರಿ. 2005ರಲ್ಲಿ, 2019ರಲ್ಲಿ, 2021ರಲ್ಲಿ ಕೃಷ್ಣೆಯ ನೀರು ಸಾಂಗಲಿಯ ಮನೆಗಳನ್ನು ಹೊಕ್ಕಿದ್ದನ್ನು ನೋಡಿದ್ದೇವೆ. ಕೆಳಮಹಡಿಯ ಕಪಾಟಿನಲ್ಲಿ ಇರುವ ಒಂದೇ ಪ್ರತಿ ಪ್ರತಿಯಲ್ಲ. ಪುಟಗಳನ್ನು ಸ್ಕ್ಯಾನ್ ಮಾಡಿಸಿ ಇನ್ನೊಂದೆಡೆ ಇಡಿರಿ, ಮೂಲವನ್ನು ಎತ್ತರದಲ್ಲಿ ಇಡಿರಿ. ಎರಡನೆಯದಾಗಿ, ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಶಾಲೆಗೊಂದು ವ್ಯವಸ್ಥಾಪನ ಸಮಿತಿಯಿದೆ. ಅದರ ಮುಕ್ಕಾಲು ಪಾಲು ಸದಸ್ಯರು ಪಾಲಕರೇ. ಆ ಸಮಿತಿ ವರ್ಷಕ್ಕೊಂದು ದಿನ ಪಾಲಕರನ್ನು ಕೂಡಿಸಲಿ. ಜಾತಿ, ಆಧಾರ್ ಸಂಖ್ಯೆಗಳಂಥ ಖಾಸಗಿ ವಿವರಗಳನ್ನು ಸಭೆಯಲ್ಲಿ ಓದದೆ, ಆಯಾ ಮನೆಯವರಿಗೆ ಆಯಾ ಮಗುವಿನ ಸಾಲನ್ನು ಅಚ್ಚು ಹಾಕಿ ಕೈಗೆ ಕೊಡಲಿ; ಓದಲು ಬಾರದವರಿಗೆ ಪಕ್ಕಕ್ಕೆ ಕರೆದು ಕನ್ನಡದಲ್ಲಿ ಓದಿ ಹೇಳಲಿ; ತಿದ್ದುಪಡಿಗಳನ್ನು ಅಂದೇ ಬರೆದುಕೊಳ್ಳಲಿ. ಹೊಲಕ್ಕಾಗಿ ಚಾವಡಿಯಲ್ಲಿ ಮಾಡಿದ್ದನ್ನು ಮಕ್ಕಳಿಗಾಗಿ ಶಾಲೆಯಲ್ಲಿ ಮಾಡುವುದು ಕಷ್ಟವೇನಲ್ಲ.

ತಂತ್ರಾಂಶಗಳು ಇನ್ನೂ ಬದಲಾಗುತ್ತವೆ. ಇಂದಿನ ಪೋರ್ಟಲ್ ನಾಳೆ ಇರಲಿಕ್ಕಿಲ್ಲ. ಇನ್ನೊಂದು ಬರುತ್ತದೆ, ಅದರ ಕಾಲಂಗಳು ಬೇರೆಯಾಗಿರುತ್ತವೆ. ಬದಲಾವಣೆಗೆ ಹೆದರಬೇಕಾಗಿಲ್ಲ. ಪ್ರತಿ ಸಲ ಹಳೆಯದನ್ನು ಉಳಿಸಿಕೊಂಡಿದ್ದೇವೆಯೇ, ನಿಯಮವನ್ನು ಬರೆದಿಟ್ಟಿದ್ದೇವೆಯೇ, ಯಾರ ದಾಖಲೆಯೋ ಅವರಿಗೆ ತೋರಿಸಿದ್ದೇವೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮೂರನೆಯ ಪ್ರಶ್ನೆಯನ್ನು ಕೇಳುವ ಅಧಿಕಾರ ಪಾಲಕರದು. ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಒಮ್ಮೆ ಶಾಲೆಗೆ ಹೋಗಿ ಅದನ್ನು ಕೇಳಿರಿ.